ಶೀಷೆಯಲ್ಲಿ ಕೆಸರು ಮಾರುವ ಚಿಕ್ಕಪ್ಪನಿಗೆ

ಭಾನುವಾರ, ಮಧ್ಯಾಹ್ನ
ಊಟದ ಮೇಜಿನಿಂದ

ಗೌರವಾನ್ವಿತ ಚಿಕ್ಕಪ್ಪ,

ನಿಮ್ಮ ಪತ್ರ ತಲುಪಿತು. ದಪ್ಪ ಕಾಗದ, ಮೇಲೆ ನಿಮ್ಮ ಪುಟಾಣಿ ಮಾದರಿ ಕಟ್ಟುವವರ ಸಂಘದ ಮುದ್ರೆ, ಅಂಚಿನಲ್ಲಿ ಹೊಗೆ ಉಗುಳುವ ಪುಟ್ಟ ರೈಲು. ಅಮ್ಮ ಲಕೋಟೆಯನ್ನು ಬೆಳಕಿಗೆ ಹಿಡಿದು, "ಯಾರದು, ಮದುವೆ ಕರೆಯೋಲೆನಾ?" ಎಂದಳು. ಚಿಕ್ಕಪ್ಪನದು, ಕ್ಷಮೆ ಕೇಳಿ ಬರೆದಿರಬೇಕು ಎಂದೆ. ಒಡೆದು ಓದಿದ ಮೇಲೆ ನನ್ನ ಮಾತನ್ನು ವಾಪಸು ತೆಗೆದುಕೊಂಡೆ.

ಸಂಘದ ಪ್ರದರ್ಶನದಲ್ಲಿ ನಡೆದದ್ದು "ವಿಷಾದಕರ" ಎಂದು ಬರೆದಿದ್ದೀರಿ. ಅದಕ್ಕೆ ಕಾರಣ "ಮಾದರಿಯಲ್ಲಿ ಬಳಸಿದ್ದ ಅಡುಗೆಮನೆ ಮಟ್ಟದ ಸಾಮಗ್ರಿ" ಎಂದಿದ್ದೀರಿ. ಹಾಗಾಗಿ ಅಪ್ಪ ಕಟ್ಟಿದ ಮಾದರಿ ಊರಿನ ಉಳಿದ ನಾಲ್ಕು ಹಲಗೆಗಳನ್ನೂ ನಿಮ್ಮ ಅಂಗಡಿಗೆ ಕಳಿಸಬೇಕು, ನೀವು ಅವನ್ನು ಸರಿಯಾದ ಸಾಮಗ್ರಿಯಿಂದ ಹೊಸದಾಗಿ ಮಾಡಿಸಿ ಸಂಘದ ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ಇಡಿಸುತ್ತೀರಿ, ಕೆಳಗೆ ಹಿತ್ತಾಳೆ ಫಲಕದ ಮೇಲೆ ಅಪ್ಪನ ಹೆಸರು, ಅದರ ಪಕ್ಕದಲ್ಲಿ "ಪುನರ್ನಿರ್ಮಾಣ" ಎಂದು ನಿಮ್ಮ ಹೆಸರು. ಕೊನೆಗೆ ನನಗೊಂದು ಕೆಲಸ. ಮನೆ ಸಾಮಾನಿನಿಂದ ಮಾದರಿ ಮಾಡುವುದು ಎಷ್ಟು ಅಪಾಯ ಎಂದು ಸಂಘದ ಪತ್ರಿಕೆಗೆ ಒಂದು ಪುಟ ಬರೆದುಕೊಡಬೇಕು. "ನೀನು ಭಾಷೆ ಓದಿದವಳು, ನಿನಗೆ ಇದು ನೀರು ಕುಡಿದಷ್ಟು ಸುಲಭ."

ಹಲಗೆಗಳು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಧೈರ್ಯ ಕೈಕೊಡಬಹುದು.

ಎದುರಿಗೆ ಸಿಕ್ಕಾಗ ನಾನು ಇಷ್ಟೂ ಹೇಳಿದವಳಲ್ಲ. ಬಂದವರಿಗೆ ಕುರ್ಚಿ ಎಳೆದುಕೊಟ್ಟು ಬಾಗಿಲಿನ ಮರೆಗೆ ನಿಲ್ಲುತ್ತಿದ್ದವಳು. ನನಗೆ ಮೌನಗೌರಿ ಎಂದು ಹೆಸರಿಟ್ಟವರೇ ನೀವು. ಆದರೆ ಮಾತಾಡದವರಿಗೆ ಬೇರೆ ಕೆಲಸವಿರುವುದಿಲ್ಲ, ಎಲ್ಲವನ್ನೂ ನೋಡುತ್ತಾ ಇರುತ್ತಾರೆ. ಸುಮಾರು ನೋಡಿದ್ದೇನೆ.

ಪತ್ರಿಕೆಯ ಪುಟವನ್ನು ಮಾತ್ರ ಖಂಡಿತ ಬರೆಯುತ್ತೇನೆ. ಇಲ್ಲೇ ಬರೆಯುತ್ತೇನೆ. ಬೇಕಾದಷ್ಟು ಕತ್ತರಿಸಿಕೊಳ್ಳಿ.

ಮಾದರಿಗೆ ಮಣ್ಣು ಬೇಕೆಂದರೆ ಚಹಾ ಸೋಸಿ ಉಳಿದ ಪುಡಿಯನ್ನು ತೊಳೆದು, ತಟ್ಟೆಯಲ್ಲಿ ಹರಡಿ, ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಬೇಕು. ಅರ್ಧ ಒಣಗಿಸಿದರೆ ಬೂಷ್ಟು ಬರುತ್ತದೆ. ನಮ್ಮ ಕಾಲುವೆಯ ಹಲಗೆಗೆ ಒಮ್ಮೆ ಬಂದು, ಅಪ್ಪ ಅದನ್ನು ಕೆರೆದು ತೆಗೆಯುವ ಬದಲು ಆ ಜಾಗವನ್ನು ಪಾಚಿ ಕಟ್ಟಿದ ಮೆಟ್ಟಿಲು ಮಾಡಿದರು. ಪಾತ್ರೆ ಉಜ್ಜುವ ಹಸಿರು ನಾರನ್ನು ಬೆರಳಲ್ಲಿ ಕಿತ್ತರೆ ಬೇಲಿ. ಹಳೆಯ ಸೊಳ್ಳೆಪರದೆ ತಂತಿಬಲೆ. ಮುಗಿದ ಪೆನ್ನಿನ ರೀಫಿಲ್ ಮಳೆನೀರಿನ ಕೊಳವೆ. ಮಾತ್ರೆ ತೆಗೆದುಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಗುಳ್ಳೆ ಬೀದಿದೀಪದ ಬುರುಡೆ. ಅಪ್ಪನಿಗೆ ಕಾಯಿಲೆ ಬಂದ ಮೇಲೆ ನಮ್ಮ ಊರಿನಲ್ಲಿ ಬೀದಿದೀಪಗಳಿಗೆ ಬರವಿಲ್ಲ. ಬಿಳಿ ಗೋಂದಿಗೆ ನೀರು ಬೆರೆಸಿ, ಪಾತ್ರೆ ಸೋಪಿನ ಒಂದು ಹನಿ ಬಿಟ್ಟರೆ ಅದು ಪುಡಿಯ ಮೇಲೆ ಮುತ್ತಾಗಿ ನಿಲ್ಲದೆ ಒಳಗೆ ಇಳಿಯುತ್ತದೆ. ಸೂಜಿಯ ತುದಿಯನ್ನು ಪೆನ್ಸಿಲ್ಲಿಗೆ ಚುಚ್ಚಿ, ಅದರ ಕಣ್ಣಿನಲ್ಲಿ ಗೋಂದು ಹಿಡಿದರೆ, ಬೇಕಾದ ಕಡೆ ಬೇಕಾದಷ್ಟೇ ಕೂರುತ್ತದೆ. ಒಣಗುವ ತನಕ ಬಟ್ಟೆ ಕ್ಲಿಪ್ಪು ಹಿಡಿದುಕೊಳ್ಳುತ್ತದೆ. ಗೋಡೆಗೆ ಹಳೆತನ ಬೇಕಿದ್ದರೆ ಹಲ್ಲುಜ್ಜುವ ಬ್ರಷ್ಷನ್ನು ಮಸಿನೀರಿನಲ್ಲಿ ಅದ್ದಿ ಹೆಬ್ಬೆರಳಿನಿಂದ ಮೀಟಿದರೆ ಸಾಕು. ಮನುಷ್ಯರಿಗೆ ಬೆಂಕಿಕಡ್ಡಿಯ ಮೈ, ಸಾಸಿವೆ ಕಾಳಿನ ತಲೆ. ಅಳತೆ ಕರಾರುವಾಕ್ಕಾಗಿ ಕೂರುತ್ತದೆ, ಬೇಕಾದರೆ ನಿಮ್ಮ ಆಮದು ಅಳತೆಪಟ್ಟಿ ಇಟ್ಟು ನೋಡಿ.

ಈ ಎಲ್ಲದರ ಅಪಾಯವೇನು ಎಂದು ಕೇಳಿದ್ದೀರಿ. ಅಮ್ಮನ ಚಹಾ ಜರಡಿ ಕಾಣೆಯಾಗುತ್ತದೆ. "ಈ ಮನೇಲಿ ಕುಡಿದ ಮೇಲೂ ಚಹಾಕ್ಕೆ ಬಿಡುವಿಲ್ಲ" ಎಂದು ಬೈಸಿಕೊಳ್ಳಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ನನಗೆ ತಿಳಿದಿಲ್ಲ.

ಈಗ ನಿಮ್ಮ ಅಂಗಡಿ. ಬೇಸರವಾದಾಗಲೆಲ್ಲ ಆ ಕಪಾಟುಗಳನ್ನು ನೆನೆಸಿಕೊಳ್ಳುತ್ತೇನೆ. ಹುಲ್ಲು ಅಲ್ಲಿ ಪೊಟ್ಟಣದಲ್ಲಿರುತ್ತದೆ, ವಸಂತದ್ದು ಬೇರೆ, ಬೇಸಿಗೆಯ ಕೊನೆಯದು ಬೇರೆ. ತುಕ್ಕಿಗೆ ಒಂದು ಶೀಷೆ, ಹೊಸ ತುಕ್ಕಿಗೆ ಇನ್ನೊಂದು. ಧೂಳಿಗೆ ಮುಚ್ಚಳವಿದೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕೆಸರು. ಚಕ್ರಕ್ಕೆ ಹಚ್ಚುವ ಕೆಸರು, ಬೂಟಿಗೆ ಹಚ್ಚುವ ಕೆಸರು. ಅಂಗಡಿಗೆ ಬರುವವರು ಹೊರಗೆ ಕಾಲೊರಸಿನ ಮೇಲೆ ಅದನ್ನೇ ಪುಕ್ಕಟೆ ಒರೆಸಿ ಒಳಗೆ ಬಂದು, ಶೀಷೆಯಲ್ಲಿ ಕೊಂಡು ಹೋಗುತ್ತಾರೆ. ಅವರನ್ನು ಹಾಗೆ ತಯಾರು ಮಾಡಿದ್ದು ನಿಮ್ಮ ಸಾಧನೆ. ವ್ಯಾಪಾರದ ಮೇಲೆ ನನಗೆ ಸಿಟ್ಟಿಲ್ಲ, ಬೇಕಾದವರು ಕೊಳ್ಳಲಿ. ಆದರೆ ಕೊಳ್ಳದವನ ಕೆಲಸವನ್ನು ಕಸ ಎನ್ನುವುದನ್ನೂ ನೀವು ಅದೇ ಕಪಾಟಿನಲ್ಲಿಟ್ಟು ಮಾರುತ್ತೀರಿ.

ನಿಮಗೆ ಗೊತ್ತಿರುವ ಕೆಲವು ಸಂಗತಿಗಳನ್ನೇ ಮತ್ತೆ ಬರೆಯುತ್ತೇನೆ. ನೀವು ಸಂಘದಲ್ಲಿ ಹೇಳುತ್ತಿರುವ ಕಥೆಯಿಂದ ಅವು ಉದುರಿಹೋಗಿವೆ.

ಅಪ್ಪ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಾಗ ಮಕ್ಕಳಿಗೆ ತೋರಿಸಲೆಂದು ಥರ್ಮಾಕೋಲಿನಲ್ಲಿ ಒಂದು ಗುಡ್ಡ ಕೆತ್ತಿದರು. ಅದಕ್ಕೆ ಒಂದು ಸುರಂಗ ತೋಡಿದರು. ಸುರಂಗದಿಂದ ಹೊರಬಂದ ಹಳಿಗೆ ಒಂದು ನಿಲ್ದಾಣ ಬೇಕಾಯಿತು. ಹಾಗೆ ಅವರು ಬೆಳೆದ ಊರು ಐದು ಹಲಗೆಗಳ ಮೇಲೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬೆಳೆಯಿತು. ನೀವೂ ಬೆಳೆದ ಊರು ಅದು, ಚಿಕ್ಕಪ್ಪ. ಕಾಯಿಲೆ ಬಂದು ಬಲಗೈ ಬಿದ್ದುಹೋದ ಮೇಲೆ ಅಪ್ಪ ಆ ಕೋಣೆಗೆ ಕಾಲಿಡಲಿಲ್ಲ. ದೀಪ ಹಾಕಿದರೂ ಆರಿಸು ಎನ್ನುತ್ತಿದ್ದರು. ಇಡೀ ದಿನ ಹಜಾರದ ಕುರ್ಚಿಯಲ್ಲಿ ಕೂತು, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚುವುದು. ಅವರಿಗೆ ಬೇರೆ ಕೆಲಸ ಉಳಿದಿರಲಿಲ್ಲ.

ಆ ಹೊತ್ತಿಗೆ ನೀವು ಬಂದಿರಿ. ನೋಡಿಕೊಂಡು ಹೋಗಲು ಬಂದವರು ಎಂದುಕೊಂಡಿದ್ದೆವು. ನೇರ ಹಿಂದಿನ ಕೋಣೆಗೆ ಹೋಗಿ, ಮೂಗಿನ ಮೇಲೆ ಕನ್ನಡಕ ಏರಿಸಿ, "ಏನಣ್ಣ ಇದು, ಯಾರೋ ಕಸದ ಬುಟ್ಟಿ ಬೋರಲು ಹಾಕಿ ಗೋಂದು ಸುರಿದ ಹಾಗಿದೆ" ಎಂದಿರಿ. ಅಪ್ಪ ನಕ್ಕರು. ತಮ್ಮ ಏನು ಹೇಳಿದರೂ ನಗುವುದು ಅವರ ಹಳೆಯ ಚಾಳಿ. "ಸಾಸಿವೆ ತಲೆ ಬೇರೆ ಇಟ್ಟಿದ್ದೀಯ. ಈಗ ಒಂದೊಂದು ಗೊಂಬೆಗೂ ಕಣ್ಣು, ಮೂಗು, ಮೀಸೆ ಬರ್ತದೆ ಅಣ್ಣ, ನೀನು ಯಾವ ಕಾಲದಲ್ಲಿದ್ದೀಯ?" ಎಂದಿರಿ. ನನ್ನ ಕಡೆ ತಿರುಗಿ, "ಎಂ.ಎ. ಆಯ್ತಲ್ಲ, ಮುಂದೇನು? ಮರಕ್ಕೆ ಎಲೆ ಅಂಟಿಸೋದಾ?" ಎಂದಿರಿ. ಆಮೇಲೆ ವಿಷಯಕ್ಕೆ ಬಂದಿರಿ. ಪ್ರದರ್ಶನದ ದಿನ ಹಳೆಯ ಮಾದರಿಗೆ ಹೊಸ ಜೀವ ಕೊಡುವುದು ಹೇಗೆಂದು ಎಲ್ಲರ ಮುಂದೆ ಮಾಡಿ ತೋರಿಸಲು ನಿಮಗೆ ಒಂದು ಹಳೆಯ ಮಾದರಿ ಬೇಕಿತ್ತು. ಗುಡ್ಡ, ಸುರಂಗ, ನಿಲ್ದಾಣವಿರುವ ಹಲಗೆ ಸಾಕು, ಪ್ರದರ್ಶನದ ಹೊತ್ತಿಗೆ ಬಂದು ಒಯ್ಯುತ್ತೇನೆ ಎಂದಿರಿ. ಅಪ್ಪ ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡು, "ತಗೊಂಡು ಹೋಗೋ, ನನ್ನಿಂದ ಇನ್ನೇನಾಗ್ಬೇಕಿದೆ" ಎಂದರು.

ನಿಮಗೆ ಅದು ಅನುಮತಿಯಾಗಿ ಕೇಳಿಸಿತು.

ಹಲಗೆ ಒಯ್ಯಲು ಬಂದ ದಿನ ಅಪ್ಪ ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, "ಒಂದು ಸಲ ಸರಿಯಾಗಿ ನೋಡ್ಕೊಂಡ್ಯೇನೋ?" ಎಂದು ಕೇಳಿದರು. "ನೋಡೋಕೇನಿದೆ ಅಣ್ಣ, ಹೇಗೂ ಎಲ್ಲ ಕೆರೆದು ತೆಗೀಬೇಕು" ಎಂದಿರಿ. ಅಪ್ಪ ಬಿಡಲಿಲ್ಲ, "ನಿಲ್ದಾಣದ ಹತ್ತಿರ ನೋಡ್ದ್ಯಾ?" ಎಂದರು. ನೀವು ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಾರಿನ ಬಾಗಿಲನ್ನು ಕಾಲಿನಿಂದ ತೆರೆಯುತ್ತಿದ್ದಿರಿ. ನಾನು ಮೆಟ್ಟಿಲಿಳಿದು ಬಂದು, "ಚಿಕ್ಕಪ್ಪ, ಒಳಗಡೆ ಥರ್ಮಾಕೋಲ್ ಇದೆ. ಮೇಲಿನ ಕಾಗದ, ಚಹಾಪುಡಿ ಕೆರೆದರೆ ಅದು ಹೊರಗೆ ಬರುತ್ತೆ. ಆಮೇಲೆ ಸ್ಪ್ರೇ ಹೊಡೆದರೆ ಕರಗುತ್ತೆ" ಎಂದೆ. ಅಷ್ಟುದ್ದ ವಾಕ್ಯವನ್ನು ನಿಮ್ಮೆದುರು ಹೇಳಿದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗಲೇ ಎರಡು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ನೀವು ನಕ್ಕು, "ನೀನು ಪದ್ಯ ಓದಮ್ಮ, ಕೆಮಿಸ್ಟ್ರಿ ನನಗೆ ಬಿಡು" ಎಂದಿರಿ.

ಕೆಮಿಸ್ಟ್ರಿಯನ್ನು ನಿಮಗೇ ಬಿಟ್ಟೆ.

ಪ್ರದರ್ಶನದ ಹಜಾರ ಚೆನ್ನಾಗಿತ್ತು. ಮೇಜಿಗೆ ನೀಲಿ ಬಟ್ಟೆ, ನಿಮ್ಮ ಕೊರಳಿಗೆ ಅಧ್ಯಕ್ಷರ ಪಟ್ಟಿ, ಕೈಗೆ ಡಾಕ್ಟರ ಕೈಗವಸು. ಮುಂದಿನ ಸಾಲಿನಲ್ಲಿ ಅಪ್ಪ, ಪಕ್ಕದಲ್ಲಿ ನಾನು, ಆಚೆ ಕಡೆ ನಿಮ್ಮ ಸಂಘದ ಹಲ್ಲಿನ ಡಾಕ್ಟರು. ಅಂಗಡಿಯ ಶೀಷೆಗಳನ್ನು ಹೆಸರು ಜನರಿಗೆ ಕಾಣುವ ಹಾಗೆ ತಿರುಗಿಸಿಟ್ಟಿದ್ದಿರಿ. ಸಣ್ಣ ಕರಣೆಯಿಂದ ಗುಡ್ಡದ ಸಿಪ್ಪೆಯನ್ನು ಕೆರೆದು ಟ್ರೇಗೆ ಹಾಕುತ್ತಾ, "ನೋಡಿ, ಇದು ಚಹಾಪುಡಿ" ಎಂದು ಎತ್ತಿ ತೋರಿಸಿದಿರಿ. ಜನ ನಕ್ಕರು. "ಇದು ಪಾತ್ರೆ ಉಜ್ಜೋದು" ಎಂದಿರಿ. ಇನ್ನೂ ನಕ್ಕರು. "ಪಾಪ, ಅಣ್ಣನಿಗೆ ಆಸೆ ಇತ್ತು, ಅನುಕೂಲ ಇರಲಿಲ್ಲ" ಎಂದಿರಿ. ನಮ್ಮನ್ನು ಬಿಟ್ಟರೆ ಆಗ ನಗದೆ ಕೂತಿದ್ದು ಹಲ್ಲಿನ ಡಾಕ್ಟರು ಮಾತ್ರ. ಆಮೇಲೆ ಗೊತ್ತಾಯಿತು, ಅವರ ಮನೆಯಲ್ಲಿರುವ ಮಾದರಿ ಹಡಗಿನ ಹಗ್ಗಗಳೆಲ್ಲ ಹಲ್ಲಿನ ಸಂದಿ ಶುಚಿ ಮಾಡುವ ದಾರವಂತೆ.

ಗುಡ್ಡ ಬೆಳ್ಳಗೆ ಬೋಳಾಯಿತು. ನೀವು ಸ್ಪ್ರೇ ಡಬ್ಬಿ ಅಲ್ಲಾಡಿಸಿದಿರಿ, ಒಳಗಿನ ಗೋಲಿ ಟಿಕ್ ಟಿಕ್ ಎಂದಿತು. ಹುಲ್ಲು ಹಿಡಿದುಕೊಳ್ಳಲು ಆಮದು ಅಂಟು, ವೃತ್ತಿಪರರು ಬಳಸುವುದು, ಧಾರಾಳವಾಗಿ ಹೊಡೆಯಬೇಕು ಎಂದು ಹೇಳಿ ಧಾರಾಳವಾಗಿಯೇ ಹೊಡೆದಿರಿ.

ಮೊದಲು ಏನೂ ಆಗಲಿಲ್ಲ. ಆಮೇಲೆ ಗುಡ್ಡದ ನೆತ್ತಿಯಲ್ಲಿ ಒಂದು ಗುಳಿ ಬಿತ್ತು. ನೀವು ಅದನ್ನು ನೆರಳು ಎಂದುಕೊಂಡು ಇನ್ನೊಂದು ಸುತ್ತು ಹೊಡೆದಿರಿ. ಗುಳಿ ಬಾಯಿ ತೆರೆಯಿತು. ಗುಡ್ಡ ತನ್ನೊಳಗೆ ತಾನೇ ಇಳಿಯತೊಡಗಿತು, ಸುರಂಗ ಕಣ್ಣು ಮುಚ್ಚಿಕೊಂಡಿತು, ನಿಲ್ದಾಣದ ಚಾವಣಿ ಓರೆಯಾಗಿ ಪ್ಲಾಟ್‌ಫಾರಂ ಮೇಲೆ ಕೂತಿತು. ಹಜಾರದ ಹಿಂದಿನಿಂದ ಯಾರೋ, "ಇದೂ ಪುನರುಜ್ಜೀವನದ ಭಾಗವಾ ಸಾರ್?" ಎಂದು ಕೇಳಿದರು. ನೀವು ಕೈಗವಸಿನ ಬೆರಳಿನಿಂದ ಗುಡ್ಡವನ್ನು ಮೇಲೆತ್ತಲು ಹೋದಿರಿ. ಅದು ಬೆರಳಿಗೆ ಅಂಟಿಕೊಂಡು ನೂಲಿನ ಹಾಗೆ ಎಳೆಎಳೆಯಾಗಿ ಬಂತು.

ಆಗ ಅಪ್ಪ ಕೊರಳಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಗ್ಗಿದರು. ಭುಜ ಕುಲುಕುತ್ತಿತ್ತು. ನೀವು ಕೆಳಗಿಳಿದು ಬಂದು ಅವರ ಬೆನ್ನು ಸವರಿದಿರಿ. ಎಲ್ಲರಿಗೂ ಕೇಳುವ ಹಾಗೆ, "ಅಳಬೇಡ ಅಣ್ಣ, ಒಳಗಿನ ಮಾಲೇ ಸರಿ ಇರಲಿಲ್ಲ, ನೀನೇನು ಮಾಡ್ತೀಯ" ಎಂದಿರಿ.

ಆ ಒಂದು ಮಾತಿಗಾಗಿ ಈ ಪತ್ರ. ಗುಡ್ಡ ಕರಗಿದ್ದಕ್ಕಲ್ಲ. ತಪ್ಪು ನಿಮ್ಮ ಡಬ್ಬಿಯದು, ಕರಣೆಯದು, ಹೇಳಿದ್ದನ್ನು ಕೇಳಿಸಿಕೊಳ್ಳದ ಕಿವಿಯದು. ಅದನ್ನು ಪಾರ್ಶ್ವವಾಯು ಬಡಿದ ಅಣ್ಣನ ತಲೆಗೆ, ಅವರ ಬೆನ್ನು ಸವರುತ್ತಲೇ ಕಟ್ಟಿದಿರಿ. ಆ ಕೈಯಲ್ಲಿ ಇನ್ನೂ ಗವಸು ಇತ್ತು. ಅಪ್ಪನ ಅಂಗಿಯ ಹಿಂದೆ ಬಿಳಿ ಅಂಟಿನ ಐದು ಬೆರಳು ಹಾಗೇ ಉಳಿದಿವೆ. ಅಮ್ಮ ಯಾವ ಸೋಪು ಹಾಕಿದರೂ ಹೋಗಲಿಲ್ಲ. ವೃತ್ತಿಪರರು ಬಳಸುವುದು ಎಂದು ನೀವು ಹೇಳಿದ್ದು ಸುಳ್ಳಲ್ಲ.

ಒಂದು ವಾರ ಕಳೆದು ಬಂದದ್ದು ಈ ಪತ್ರ. ಇದರಲ್ಲಿ ಅಪ್ಪ ಹೇಗಿದ್ದಾರೆ ಎಂಬ ಪ್ರಶ್ನೆ ಇದೆಯೇನೋ ಎಂದು ಎರಡು ಸಲ ಹುಡುಕಿದೆ. ಹಲಗೆಗಳ ಉದ್ದಗಲ ಕೇಳಿದ್ದೀರಿ. ಗಾಡಿ ಯಾವಾಗ ಕಳಿಸಲಿ ಎಂದು ಕೇಳಿದ್ದೀರಿ.

ಆದ್ದರಿಂದ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಗಾಡಿ ಬೇಡ. ಗಾಜಿನ ಪೆಟ್ಟಿಗೆಯಲ್ಲಿ ನಿಮ್ಮ ಶೀಷೆಗಳನ್ನೇ ಜೋಡಿಸಿ, ಹಿತ್ತಾಳೆ ಫಲಕದಲ್ಲಿ ನಿಮ್ಮ ಹೆಸರಿಗೆ ಬೇಕಾದಷ್ಟು ಜಾಗ ಸಿಗುತ್ತದೆ. ಪತ್ರಿಕೆಗೆ ಮೇಲಿನ ಪುಟವನ್ನು ಹಾಕುವುದಾದರೆ ಪೂರ್ತಿ ಹಾಕಿ. ಹಾಕದಿದ್ದರೆ ಹಲ್ಲಿನ ಡಾಕ್ಟರಿಗೆ ಕೊಡಿ, ಅವರು ಈಗಾಗಲೇ ಫೋನ್ ಮಾಡಿ ಸೂಜಿಕಣ್ಣಿನ ವಿಷಯ ವಿಚಾರಿಸಿದ್ದಾರೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮೇಲೆ ನಮಗೆ ಯಾವ ಬೇಸರವೂ ಇಲ್ಲ.

ಇಷ್ಟೊಂದು ಮಾತಾಡಿ ಗಂಟಲು ಒಣಗಿಸಿಕೊಂಡಿರುವ,
ನಿಮ್ಮ ಅಣ್ಣನ ಮಗಳು
(ಮೌನಗೌರಿ)

ತಾ.ಕ.: ಇಲ್ಲಿಗೆ ಮುಗಿಸಿ ಲಕೋಟೆ ಅಂಟಿಸುವವಳಿದ್ದೆ. ಅಪ್ಪ ಹಿಂದಿನ ಕೋಣೆಯಿಂದ, "ಅವನಿಗೆ ನಿಜ ಬರೆದ್ಯಾ?" ಎಂದು ಕೇಳಿದರು. ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ನಿಮ್ಮ ಕೈಯಲ್ಲಿ ಕರಗಿದ್ದು ಅಪ್ಪನ ಗುಡ್ಡವಲ್ಲ. ನೀವು ಮೊದಲ ಸಲ ಬಂದು ಹೋದ ಸಂಜೆ, ಚಿಕ್ಕಪ್ಪ ಇದನ್ನು ಹಾಳು ಮಾಡ್ತಾರೆ ಎಂದು ಅಮ್ಮನ ಹತ್ತಿರ ಹೇಳಿದ್ದೆ. "ಕೊಡಲ್ಲ ಅನ್ನೋಕೆ ನಿಮ್ಮಪ್ಪನಿಗೆ ಬಾಯಿಲ್ಲ, ನಿನಗಂತೂ ಹುಟ್ಟಿದಾಗಿಂದ ಇಲ್ಲ. ಇನ್ನೊಂದು ಮಾಡಿಡು" ಎಂದಳು ಅಮ್ಮ. ಬೇಡ ಎನ್ನುವ ಒಂದು ಮಾತು ಬಾಯಿಗೆ ಬಾರದೆ ನಾವು ಒಂದು ಗುಡ್ಡವನ್ನೇ ಕಟ್ಟಬೇಕಾಯಿತು. ಊಟದ ಮೇಜಿನ ಮೇಲೆ ನಾನು ಮರ ಮಾಡುತ್ತಿರುವುದನ್ನು ಅಪ್ಪ ಕುರ್ಚಿಯಿಂದ ಕೆಲವು ದಿನ ಸುಮ್ಮನೆ ನೋಡಿದರು. ಒಂದು ಮಧ್ಯಾಹ್ನ ತಡೆಯಲಾಗದೆ, "ಅದೇನು ಮರವಾ, ಗಡ್ಡ ಹೆರೆಯೋ ಬ್ರಷ್ಷಾ? ಕೊಡಿಲ್ಲಿ" ಎಂದು ಎಡಗೈ ಚಾಚಿದರು. ಮೊದಲ ಮರ ಅವರ ತೊಡೆಯ ಮೇಲೆ ಬಿತ್ತು. ಎರಡನೆಯದು ನಿಂತಿತು. ನೀವು ಕೆರೆದು ತೋರಿಸಿ ನಗಿಸಿದ ಬೇಲಿಗಳೆಲ್ಲ ಆ ಎಡಗೈಯವು. ಆ ಗುಡ್ಡ ಹೋದದ್ದಕ್ಕೆ ನನಗೆ ಸಂಕಟವಿಲ್ಲ ಎಂದರೆ ಸುಳ್ಳಾಗುತ್ತದೆ.

ಇದು ನಿಮಗೆ ಕೊಡಲೆಂದು ಮಾಡುತ್ತಿರುವ ನಕಲು ಎಂದು ತಿಳಿದಾಗ ಅಪ್ಪ ಒಂದು ಷರತ್ತು ಹಾಕಿದರು. ಅಸಲು ಹಲಗೆಯಲ್ಲಿ ನಿಲ್ದಾಣದ ಬೆಂಚಿನ ಮೇಲೆ ಇಬ್ಬರು ಹುಡುಗರು ಕೂತಿದ್ದಾರೆ. ದೊಡ್ಡವನ ತೊಡೆಯ ಮೇಲೆ ಚಿಕ್ಕವನ ಒಂದು ಬೂಟಿದೆ, ಅದು ಕಾಲು ಕಚ್ಚುತ್ತಿತ್ತಂತೆ. ಸಂಜೆ ಗಾಡಿಯಲ್ಲಿ ಬರುವ ನನ್ನ ತಾತನಿಗಾಗಿ ಅಪ್ಪ, ನೀವು ಇಬ್ಬರೂ ಹಾಗೆ ಕಾಯುತ್ತಿದ್ದಿರಿ. ಆ ಗೊಂಬೆಗಳನ್ನು ಮಾಡಿದಾಗ ಅಪ್ಪ ಮೊದಲು ನಿಮ್ಮನ್ನೇ ಕರೆದು ತೋರಿಸಿದ್ದರು. "ಹೊಸ ಹಲಗೇಲಿ ಬೆಂಚು ಖಾಲಿ ಬಿಡು" ಎಂದರು. "ನೋಡಿದ ತಕ್ಷಣ ಕೇಳ್ತಾನೆ, ನಾವೆಲ್ಲಿ ಅಣ್ಣ ಅಂತ. ಕೇಳಿದರೆ ಅಸಲನ್ನೇ ಅವನ ಕೈಗೆ ಕೊಟ್ಟುಬಿಡೋಣ."

ಬಾಗಿಲಲ್ಲಿ ಅಪ್ಪ ಎರಡು ಸಲ ಕೇಳಿದ್ದು ಅದಕ್ಕೇ.

ಟವೆಲ್ಲಿನೊಳಗೆ ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ಅಂಗಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತು ಮತ್ತೆ ಬಲಗೈಯ ಬೆರಳುಗಳನ್ನು ಬಿಡಿಸಿ ಮಡಚುತ್ತಿದ್ದರು. ಮರುದಿನ ಮಂಚದ ಕೆಳಗಿನಿಂದ ಅಸಲು ಹಲಗೆಯನ್ನು ಹೊರಗೆ ಎಳೆಯುವಾಗ ಚಿಕ್ಕ ಹುಡುಗನ ತಲೆ ಉದುರಿಹೋಗಿತ್ತು. ಅಪ್ಪ ಸೂಜಿಕಣ್ಣಿನಲ್ಲಿ ಗೋಂದು ಹಿಡಿದು ಕಾಯುತ್ತಾ, "ಈ ಸಲ ಸ್ವಲ್ಪ ದೊಡ್ಡ ಕಾಳು ಹುಡುಕು" ಎಂದರು. ಅಮ್ಮನ ಒಗ್ಗರಣೆ ಡಬ್ಬಿಯನ್ನು ಪೂರ್ತಿ ತಟ್ಟೆಗೆ ಸುರಿದು ಹುಡುಕಿದೆ, ಚಿಕ್ಕಪ್ಪ. ಇದ್ದುದರಲ್ಲಿ ದೊಡ್ಡದೂ ಸಾಸಿವೆಯಷ್ಟೇ ಇತ್ತು. ಅದನ್ನೇ ಅಂಟಿಸಿದ್ದಾರೆ.